ತುಸು ಸರೀರಿ

ಶುಕ್ರವಾರ, ಇಪ್ಪತ್ತೊಂದನೇ ದಿನ.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯ ಬಾಗಿಲು ತೆಗೆದೆ.
ಕರುವಿನ ಸೀರಮ್ ಕುಡಿದು ಬದುಕಿರುವ
ಇಲಿಯ ಕೋಶಗಳು. ಇಲಿ ಸತ್ತದ್ದು
ನಾನು ಹುಟ್ಟುವ ಮೊದಲೇ, ಯಾವ ದೇಶದಲ್ಲೋ.

ಎಡಗಡೆ ತಟ್ಟೆಯವು ಸಂಭಾವಿತರು.
ನೆರೆಯವನ ಮೈ ತಾಗಿತೆಂದರೆ ಅಲ್ಲೇ ನಿಲ್ಲುತ್ತವೆ,
ಶಹಾಪುರದ ನಮ್ಮ ಗಲ್ಲಿಯ ಮನೆಗಳ ಹಾಗೆ
ಗೋಡೆಗೆ ಗೋಡೆ ಹಚ್ಚಿ,
ಒಬ್ಬರ ಮಾಳಿಗೆ ಒಬ್ಬರು ಏರದೆ.

ಬಲಗಡೆಯವಕ್ಕೆ ಒಂದು ಜೀನ್ ಹಾಕಿದ್ದೆವು,
ಮನುಷ್ಯರ ವೈರಸ್ಸಿನದು, ಒಂದೇ ಒಂದು.
ಆ ವೈರಸ್ಸು ಉಲ್ಟಾ ಬರೆಯುವ ಕಾರಕೂನ:
ನಕಲಿನಿಂದ ಅಸಲು ತಯಾರಿಸಿ
ನಮ್ಮದೇ ಖಾತೆ ಪುಸ್ತಕದ ನಡುವೆ
ಹೊಲಿದುಬಿಡುತ್ತಾನೆ, ಗಂಟು ಕಾಣದ ಹಾಗೆ.
ತಾಯ ಎದೆಹಾಲಿನಲ್ಲೂ ಬರುತ್ತಾನೆ.
ನಲವತ್ತು ವರ್ಷ ಸುಮ್ಮನಿರುತ್ತಾನೆ.
ಬಹಳ ಮಂದಿಯಲ್ಲಿ ಕೊನೆತನಕ ಸುಮ್ಮನೆ.
ಉಳಿದ ಕೆಲವರ ರಕ್ತದಲ್ಲಿ, ಒಂದು ದಿನ.

ನೇರಳೆ ಬಣ್ಣ ಹಾಕಿ, ತೊಳೆದು, ಬೆಳಕಿಗೆ ಹಿಡಿದೆ.
ಒಂದರ ಮೇಲೊಂದು, ಅದರ ಮೇಲೆ ಮತ್ತೊಂದು,
ಯಾರ ಮೈ ತಾಗಿದರೂ ಪರಿವೆಯಿಲ್ಲ.
ಹದಿನೇಳು ಗುಪ್ಪೆ.
ಇನ್ನೊಂದು ತಟ್ಟೆ: ಇಪ್ಪತ್ಮೂರು.
"ಛಲೋ ಆತು" ಅಂದರು ಹುದಲಿ ಮೇಡಮ್.
ನಾನೂ ನಕ್ಕೆ. ಪ್ರಯೋಗ ಗೆದ್ದಿತ್ತಲ್ಲ.

ಇನ್ನೊಂದಿಷ್ಟನ್ನು ಅಗರಿನ ತೆಳು ಗಂಜಿಯಲ್ಲಿ ತೇಲಿಬಿಟ್ಟಿದ್ದೆವು.
ನೆಟ್ಟಗಿನ ಕೋಶಕ್ಕೆ ಕಾಲೂರಲು ನೆಲ ಬೇಕು,
ಸಿಗದಿದ್ದರೆ ಬೆಳೆಯದು.
ಇವು ನಡುವಿನಲ್ಲೇ ತೂಗುತ್ತ
ಸಾಸಿವೆಗಿಂತ ಸಣ್ಣ ಚೆಂಡುಗಳಾಗಿವೆ.
ಹಿಂದೊಮ್ಮೆ ಅಪ್ಪನಿಗೆ ಇದನ್ನೆಲ್ಲ ಹೇಳಿದ್ದೆ.
ಕುಣಿಮಗ್ಗದಲ್ಲಿ ಕೂತವನು ಲಾಳಿ ನಿಲ್ಲಿಸಲಿಲ್ಲ:
"ಹಂಗಾರ ಅದಕ್ಕ ದಡಿ ಎಲ್ಲಿ ಹಾಕಬೇಕಂತ ಗೊತ್ತಿಲ್ಲ,
ಬರೀ ಒಡಲ ನೇಯಾಕ ಹತ್ತೇತಿ."

ಉಳಿದದ್ದಕ್ಕೆ ಬ್ಲೀಚ್ ಸುರಿದೆ.
ಗುಲಾಬಿ ದ್ರವ ಬಣ್ಣ ಕಳಕೊಂಡು ನೀರಾಯಿತು.
ನಿಯಮದ ಪ್ರಕಾರ ಗಡಿಯಾರ ನೋಡುತ್ತ
ಅರ್ಧ ತಾಸು ಅದರ ಪಕ್ಕ ಕೂತೆ.

ಆರೂವರೆಯ ವಡಗಾವಿ ಬಸ್ಸು, ಕಾಲಿಡಲು ಜಾಗವಿಲ್ಲ.
ಮೆಂತೆ ಸೊಪ್ಪಿನ ಗಂಟು ಹಿಡಿದವಳು ಕನ್ನಡದಲ್ಲಿ,
ಹಿಂದಿನಿಂದ ಒಬ್ಬ ಮರಾಠಿಯಲ್ಲಿ:
ತುಸು ಸರೀರಿ. ಥೋಡಂ ಸರಕಾ.
ಯಾರದೋ ಮೊಣಕೈ ತಾಗಿತು. ಸರಿದೆ.
ನನ್ನ ಪಕ್ಕದವನೂ ಗೊಣಗುತ್ತ ಸರಿದ.
ಹಾಗೆ ಒಂದೊಂದು ಬೆರಳಷ್ಟು
ಇಡೀ ಬಸ್ಸು ಸರಿಯಿತು;
ಗಂಟಿಗೂ ಜಾಗವಾಯಿತು.
ಕೈಯಲ್ಲಿ ಇನ್ನೂ ರಬ್ಬರ್ ಗವಸಿನ ವಾಸನೆ.