ಕಿಟಕಿ ಇರಲಿಲ್ಲ

ಡೈರಿಯವರ ಪ್ರವಾಸದ ಬಸ್ಸು ಬೆಳಗಿನ ಜಾವ ಬಂತು.
ಹಾಲಿನ ಕ್ಯಾನಿಗಿಂತ ಮೊದಲು ತಾಯವ್ವ ಬಂದಳು
ನನ್ನ ಜಗಲಿಗೆ, ಸಿಂಹಾಚಲದ ಗಂಧ ಹಣೆಯಲ್ಲಿ:
"ನಿನ್ ದೋಣಿ ನೋಡ್ಕೊಂಡ್ ಬಂದ್ವಿ ಕಣಪ್ಪ.
ಮರಳ ಮೇಲೆ ಮಲಗ್ಸವ್ರೆ, ಈದ ಎಮ್ಮೆ ಹಂಗೆ.
ತಲೆಗಿಷ್ಟು ಅಂತ ಟಿಕೀಟು."

ಹಿಂದೆಯೇ ಬೋರಪ್ಪ, ಮಾಯಿಗ, ಪಟೇಲರ ಸೊಸೆ ಪುಟ್ಟಗೌರಿ.
ಮಲಗೋ ಹಲಗೆ ಅಷ್ಟೇನಾ? ಅದರ ಕೆಳಗೇ ಬಾಂಬಾ?
ತಿಂಗಳುಗಟ್ಟಲೆ ಸ್ನಾನ ಎಲ್ಲಿ ಮಾಡ್ತಿದ್ರಿ?
ಮಾಡುತ್ತಿರಲಿಲ್ಲ. ಡೀಸೆಲ್ಲು, ಬೆವರು, ಈರುಳ್ಳಿ ಕಲೆತ ವಾಸನೆ
ರಜಾ ಮುಗಿದು ನಾನು ಹೋದ ಮೇಲೂ
ಹೆಂಡತಿಯ ದಿಂಬಿನಲ್ಲಿ ಉಳಿಯುತ್ತಿತ್ತು.
ಕಿಟಕಿ ಯಾಕಿಲ್ಲ, ಎಂದಳು ಪುಟ್ಟಗೌರಿ.
ಅಷ್ಟು ಆಳಕ್ಕೆ ಹೋಗಿ ಏನೂ ನೋಡಲಿಲ್ಲವಾ ನೀವು?

ಇಪ್ಪತ್ತೆರಡು ವರ್ಷದಿಂದ ಈ ಊರು ಕೇಳಿದ್ದು ಅದನ್ನೇ:
ತಿಮಿಂಗಿಲ ನೋಡಿದ್ಯಾ, ಮುತ್ತು ನೋಡಿದ್ಯಾ.
ನಾನು ದೋಣಿಯ ಕಣ್ಣಲ್ಲ. ಕಿವಿ.
ಎರಡು ಕಪ್ಪು ಚಿಪ್ಪು ತಲೆಗೆ ಬಿಗಿದು
ನಾಲ್ಕು ಗಂಟೆಯ ಪಾಳಿ, ಕಣ್ಣು ಮುಚ್ಚಿಕೊಂಡೇ:
ಇದು ಮೀನುಗಾರರ ಮೋಟಾರು, ಬೇರಿಂಗು ಸವೆದಿದೆ;
ಇದು ಸರಕಿನ ಹಡಗು, ರೆಕ್ಕೆ ನಾಲ್ಕು, ಒಂದು ಸೊಟ್ಟ;
ಇದು ಸೀಗಡಿ ಹಿಂಡು, ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ;
ಇದು ಏನೂ ಅಲ್ಲ.
ಏನೂ ಅಲ್ಲದ್ದರ ಸದ್ದೇ ಎಲ್ಲಕ್ಕಿಂತ ದೊಡ್ಡದು.

ಈ ವಿದ್ಯೆ ಕಲಿತದ್ದು ನೌಕಾಪಡೆಯಲ್ಲಲ್ಲ,
ಹುಲಿಕೆರೆ ಸುರಂಗದ ಬಾಯಲ್ಲಿ.
ಎಂಟು ವರ್ಷದವನು, ಎಮ್ಮೆಗಳನ್ನು ಅವುಗಳ ಪಾಡಿಗೆ ಬಿಟ್ಟು,
ಗುಡ್ಡದ ಹೊಟ್ಟೆಯೊಳಗೆ ನಾಲೆ ಹೊರಳುವುದನ್ನು
ಕಲ್ಲುಗೋಡೆಗೆ ಕೆನ್ನೆ ಹಚ್ಚಿ ಕೇಳಿದವನು.
ಕತ್ತಲಲ್ಲಿ ನೀರಿಗೆ ಬೇರೆಯೇ ದನಿ.
ಬಿಸಿಲಿಗೆ ಬಂದ ಕೂಡಲೆ ತಗ್ಗಿಸಿಕೊಳ್ಳುತ್ತದೆ,
ಬೀಗರ ಮನೆಗೆ ಬಂದವರ ಹಾಗೆ.

"ನಿನ್ ಜಾಗದಲ್ ಒಂದ್ ಬೊಂಬೆ ಕೂರ್ಸವ್ರೆ" ಎಂದ ಬೋರಪ್ಪ,
"ಬಿಳೀ ಬಟ್ಟೆ, ಕಿವಿಗೆ ಅದೇನೋ ಹಾಕವ್ರೆ.
ಮೀಸೆ ನಿಂದಕ್ಕಿಂತ ದಿವಿನಾಗೈತೆ."
ತಂತಿ? ಎಂದೆ. ಕಿವಿಯಿಂದ ತಂತಿ ಎಲ್ಲಿಗೆ ಹೋಗುತ್ತೆ?
ಅವನು ನೋಡಿರಲಿಲ್ಲ. ಮಾಯಿಗ ನೋಡಿದ್ದ:
"ಎಲ್ಲಿಗೂ ಹೋಗಲ್ಲ. ಸೊಂಟದತ್ರ ಕತ್ತರ್ಸವ್ರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಕೇಳಿದೆ: ಏಣಿ ಇಳಿಯುವಾಗ ಮಂಡಿ ನೋಯಲಿಲ್ಲವಾ ತಾಯವ್ವ,
ಆ ಮೇಲಿನ ಮುಚ್ಚಳದ ಕಂಡಿ ಬಲು ಕಿರಿದು.
"ಏಣಿ ಯಾಕ್ ಇಳೀಲಿ? ಪಕ್ಕೇಲಿ ಬಾಗ್ಲು ಕೊಯ್ದವ್ರಲ್ಲ.
ಈಕಡೆ ಹತ್ತೋದು, ಆಕಡೆ ಇಳ್ಯೋದು."

ಎಷ್ಟಗಲ?

ಸೆರಗು ಸಿಕ್ಕಿಸಿ, ಎರಡೂ ಕೈ ಚಾಚಿ ತೋರಿಸಿದಳು.
ಕೊಟ್ಟಿಗೆ ಬಾಗಿಲಷ್ಟು.

ಒಂದು ರಾತ್ರಿ, ನೂರೆಂಬತ್ತು ಮೀಟರ್ ಕೆಳಗೆ,
ಎಂಜಿನ್ ಕೋಣೆಯ ಒಂದು ಬೆಸುಗೆ ಬೆವರಿತು.
ಹನಿ. ಜೋಳದ ಕಾಳಿನಷ್ಟು.
ಪಾಲಕ್ಕಾಡಿನ ಶಂಕುಣ್ಣಿ ಅಂಗೈಯಿಂದ ಒತ್ತಿ ಹಿಡಿದ,
ಎಳೆಗೂಸಿನ ನೆತ್ತಿ ಹಿಡಿದ ಹಾಗೆ.
ಮೇಲೇಳುವ ತನಕ
ಎಪ್ಪತ್ತು ಗಂಡಸರಲ್ಲಿ ಒಬ್ಬನೂ ಕೆಮ್ಮಲಿಲ್ಲ.
ಆ ಮಗ್ಗುಲಿಗೆ ಈಗ ಕೊಟ್ಟಿಗೆ ಬಾಗಿಲು.
ಐಸ್‌ಕ್ಯಾಂಡಿ ಚೀಪುತ್ತ ಮಕ್ಕಳು. ಗಾಳಿ.
ತಪ್ಪೇನಿಲ್ಲ. ನನಗೆ ಗೊತ್ತು, ತಪ್ಪೇನಿಲ್ಲ.

ಅವತ್ತು ಸಂಜೆ ನಾಲೆಗೆ ನೀರು.
ಸುರಂಗದ ಈಚೆ ಬಾಯಲ್ಲಿ ಸೌಡಿ ಕೆಂಪಣ್ಣ
ಬೀಡಿ ಹಚ್ಚಿ ಕೂತಿದ್ದ. ತಳದಲ್ಲಿ ಬಿರಿದ ಕೆಸರು,
ಯಾರದೋ ಒಂಟಿ ಚಪ್ಪಲಿ.
ಇನ್ನೂ ಅರ್ಧ ಗಂಟೆ ಐತೆ, ಅಂದ.
ನಾನು ಕಲ್ಲಿಗೆ ಕೆನ್ನೆ ಹಚ್ಚಿದೆ.
ಬಹಳ ದೂರ. ಪಡುವಣಕ್ಕೆ. ಒಂದೇ ಸಮ. ಹತ್ತಿರವಾಗುತ್ತಿದೆ.
ಹಳೆಯ ವರದಿಯ ಧಾಟಿ ತಾನಾಗಿ ನಾಲಿಗೆಗೆ ಬಂತು.
ಹನ್ನೊಂದು ನಿಮಿಷ, ಅಂದೆ.

ಕೆಂಪಣ್ಣ ಗಡಿಯಾರ ನೋಡಿಕೊಂಡ.
ನಾನು ನೋಡಲಿಲ್ಲ.