ಹಿಂದೆ ಬಿಳಿ ಬೇಕಂತೆ

ಗೋಣಿಕೊಪ್ಪಲಿನ ಲಾಡ್ಜಿನಲ್ಲಿ ಕೂತು
ಕೊಡಗನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಿದ್ದೇನೆ,
ಕಣದಲ್ಲಿ ಕಾಯಿ ಬೇರೆ ಹಣ್ಣು ಬೇರೆ ಮಾಡುವವರ ಹಾಗೆ.

ಹಸಿರಿಗೆ ಫೋಲ್ಡರು ಸಾಲದು.
ಪಾಚಿಯದು, ಏಲಕ್ಕಿ ಎಲೆಯದು,
ಬಸ್ಸಿನ ಕಿಟಕಿಗೆ ಅಂಟಿದ ಸಂಜೆಯದು
ಎಲ್ಲ ಒಂದೇ ಗೋಣಿಗೆ.
ಬಿಳಿಗೆ ಸಿಕ್ಕಿದ್ದು ಮೂರೇ ದಿನ:
ಮಾರ್ಚಿಯ ಹೂಮಳೆ ಬಿದ್ದು
ಕಾಫಿಗಿಡ ಮೈಯೆಲ್ಲ ಬಾಯಿಬಿಟ್ಟಾಗ
ಲೆನ್ಸಿನ ಮೇಲೊಂದು ಜೇನು ಕೂತಿತ್ತು. ಒರೆಸಲಿಲ್ಲ.

ನೀಲಿಗಾಗಿ ತಡಿಯಂಡಮೋಳು ಹತ್ತಿದೆ.
ಮಂಜು ಏನನ್ನೂ ಕೊಡಲಿಲ್ಲ.
ಸಿಕ್ಕಿದ್ದು ಡಿಸೆಂಬರಿನಲ್ಲಿ, ಕೆಳಗೆ,
ಅಮ್ಮತ್ತಿಯ ಲೈನ್‌ಮನೆಗಳ ಮೇಲೆ
ಕಲ್ಲು ಹೇರಿದ ಟಾರ್ಪಾಲು.

ಅದರಡಿಯಿಂದ ಬಗ್ಗಿ ಬಂದವಳು ಬೊಳಚಿ.
ಬೆರಳಿಗೆ ಹಣ್ಣಿನ ಅಂಟು,
ಸೊಂಟದ ಚೀಲದ ತುಂಬ ಕೆಂಪು.
ಹನ್ನೆರಡು ಸಲ ಕ್ಲಿಕ್ಕಿಸಿದೆ.
ಕೆಂಪಿಗೆ ಹಾಕಲೋ ನೀಲಿಗೆ ಹಾಕಲೋ
ಎಂದು ನಾನು ಎಣಿಸುತ್ತಿದ್ದರೆ ಅವಳು:
"ಕಾರ್ಡಿಗೆ ಆಗ್ತದಾ ಇದು?
ಹಿಂದೆ ಬಿಳಿ ಬೇಕಂತೆ.
ಹೋದ ಸಲ ವಾಪಸ್ ಕಳಿಸಿದ್ರು."

ಪಕ್ಕದ ಮನೆಯ ಹುಡುಗ
ಹಗ್ಗದ ಮೇಲಿನ ಪಂಚೆ ಅಗಲಿಸಿದ, ಇನ್ನೂ ಹಸಿ.
ಅವಳು ಚೀಲ ಕೆಳಗಿಟ್ಟು ಮುಖ ತೊಳೆದು
ಕಿವಿ ಎರಡೂ ಕಾಣುವಂತೆ ಸೆರಗು ಸರಿಸಿ
ನಗದೆ ನಿಂತಳು.
ಉಸಿರೂ ಹಿಡಿದಿದ್ದಳೇನೋ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನೆದುರು
ಎಂಟು ಪ್ರತಿ ಹಾಕಿಸಬೇಕು.
ಯಾವ ಬಣ್ಣದೊಳಗೂ ಹೋಗದೆ
ಆ ಒಂದು ಚಿತ್ರ ಹೊರಗೇ ಇದೆ.
ದೊಡ್ಡದು ಮಾಡಿ ನೋಡಿದರೆ
ಪಂಚೆಯ ಅಂಚಿನಲ್ಲಿ, ಅವಳ ಎಡಭುಜದ ಹತ್ತಿರ,
ಟಾರ್ಪಾಲಿನ ನೀಲಿ ಒಂದೆಳೆ ಇಣುಕಿದೆ.

ಕತ್ತರಿಸಬೇಕು.
ಇಲ್ಲದಿದ್ದರೆ ಮತ್ತೆ ವಾಪಸ್ ಕಳಿಸುತ್ತಾರೆ.