ರಶೀದಿ ಸಂಖ್ಯೆ ನೂರ ಹದಿನೇಳು

ಅಂದಾಜು ಹದಿನೆಂಟು ಲಕ್ಷದ ನಲವತ್ತು ಸಾವಿರ.
ಗಾರೆ ಮೇಸ್ತ್ರಿ ಬರೆದುಕೊಟ್ಟ ಚೀಟಿಯ ಹಿಂದೆ
ಯಾರದೋ ಮಗುವಿನ ಗುಣಾಕಾರ,
ಅದೂ ತಪ್ಪು.

ಚಿಂತಾಮಣಿಯಲ್ಲಿ, ಗಾಣಿಗರ ಬೀದಿಯ ತಿರುವಿನಲ್ಲಿ
ಹಳಬರನ್ನು ಕೇಳಿದರೆ ಕೈ ತೋರಿಸುತ್ತಾರೆ:
ದೇವಿ ಹಾಕೋ ಮನೆ.
ಒಳಗೆ ಗುಡಿಯಿಲ್ಲ, ಗಂಟೆಯಿಲ್ಲ.
ಇದ್ದದ್ದು ನಮ್ಮ ಮುತ್ತಾತ, ವ್ಯಾಕ್ಸಿನೇಟರ್ ಪಿಳ್ಳಪ್ಪ,
ಖಾಕಿ ಕೋಟು, ಸ್ಪಿರಿಟ್ ದೀಪ,
ತೋಳು ಗೀರುವ ಹಲ್ಲಿನ ಚಕ್ರ.
ಕಲ್ಲುಕಂಬಕ್ಕೆ ಒರಗಿ ಅತ್ತ ಮಕ್ಕಳ ತಲೆಯ ಹರಳೆಣ್ಣೆ
ಇನ್ನೂ ಅಲ್ಲೇ ಮಿರುಗುತ್ತದೆ ಎನ್ನುತ್ತಾಳೆ ಪದ್ಮಿನಿ ಅತ್ತೆ.
ನನಗೆ ಕಂಡದ್ದು ಪಾರಿವಾಳದ ಹಿಕ್ಕೆ.

ಹನ್ನೊಂದು ಜನ ವಾರಸುದಾರರು, ಒಂದು ಬೀಗ,
ಮೂರು ಬೀಗದಕೈ, ಒಂದೂ ತಿರುಗುವುದಿಲ್ಲ.
"ಮಾರಿದ್ರೆ ಕೋಟಿ" ಎಂದ ಭಾಸ್ಕರನೇ
ಮೊದಲ ಇಪ್ಪತ್ತೈದು ಸಾವಿರ ಕೊಟ್ಟು ಕೇಳಿದ,
ಕಲ್ಲಿನ ಮೇಲೆ ಹೆಸರು ಎಷ್ಟು ದಪ್ಪಕ್ಕೆ ಕೆತ್ತಿಸ್ತೀರಿ?
ಬ್ಯಾಂಕಿನಲ್ಲಿದ್ದವಳು ಎಂದು
ರಶೀದಿ ಪುಸ್ತಕ ನನ್ನ ಕೈಗೆ ಬಂತು.

ಬೆಲ್ಲದ ಮಂಡಿಯವರು ಸಾವಿರ,
ಅದಕ್ಕೂ ಚೌಕಾಸಿ.
ರಿಟೈರಾದ ಹೆಡ್‌ಮೇಷ್ಟ್ರು ಎರಡು ಗಂಟೆ ಸಲಹೆ.
ಒಂದು ಮನೆಯಲ್ಲಿ "ಯಾವ ದೇವಿದಮ್ಮ?" ಎಂದವರು
ಉತ್ತರಕ್ಕೆ ಕಾಯದೆ
ಕಣ್ಣಿಗೊತ್ತಿಕೊಂಡು ಐವತ್ತೊಂದು ರೂಪಾಯಿ ಕೊಟ್ಟರು.
ತಿದ್ದಲಿಲ್ಲ. ತೆಗೆದುಕೊಂಡೆವು.

ಊಲವಾಡಿ ದಾರಿಯಲ್ಲಿ, ಸೀಮೆಹಸುವಿನ ಕೊಟ್ಟಿಗೆ ಪಕ್ಕ
ಬಯ್ಯಮ್ಮ ಅವರೆಕಾಯಿ ಸುಲಿಯುತ್ತಿದ್ದಳು.
ರಶೀದಿ ಪುಸ್ತಕ ಕಂಡು ನಕ್ಕಳು.
ಸೆರಗು ಸರಿಸಿ, ರವಿಕೆ ತೋಳು ಮೇಲಕ್ಕೆ ಮಡಚಿ,
"ನೋಡವ್ವ, ನಿಮ್ಮ ತಾತ ಕೊಟ್ಟಿದ್ದ ರಶೀದಿ":
ಕಾಲಾಣೆಯಗಲ ಎರಡು ಗುಳಿ,
ಅಷ್ಟು ಸುಕ್ಕಿನ ನಡುವೆ ಅವೆರಡೇ ನುಣ್ಣಗೆ.

"ಖಾಕಿ ಕೋಟು ಊರೊಳಕ್ಕೆ ಬಂತು ಅಂದ್ರೆ
ಮಕ್ಕಳೆಲ್ಲ ಹಗೇವಿಗೆ.
ಅಮ್ಮನ್ನ ಕೆಣಕಬಾರದು ಅಂತ ನಮ್ಮವ್ವ
ನನ್ನೂ ನಮ್ಮಣ್ಣನ್ನೂ ಇಳಿಸಿ ಚಪ್ಪಡಿ ಎಳೆದ್ಲು.
ಒಳಗೆ ರಾಗಿ ಧೂಳು.
ನಂಗೆ ಸೀನು ಬಂತು."

ಒಂದು ಕಾಯಿ ಸುಲಿದಳು. ಇನ್ನೊಂದು.

"ನಿಮ್ಮ ತಾತ ನನ್ನ ರಟ್ಟೆ ಹಿಡಿದು ಎತ್ತಿದ.
ಅಣ್ಣ ಮೂಲೇಲಿ, ಹುಲ್ಲಿನ ಅಡೀಲಿ, ಉಸಿರು ಬಿಗಿಹಿಡಿದು ಕೂತ.
ಜಾಣ ಅವನು.
ಇನ್ಯಾರಾದ್ರೂ ಇದ್ದಾರಾ ಮಗಾ ಅಂತ ಕೇಳಿದ.
ನಾನು ಹೇಳಲಿಲ್ಲ."

ಆ ಬೇಸಿಗೆ ಅವರ ಬಾಗಿಲಿಗೆ
ಬೇವಿನ ಸೊಪ್ಪು ಕಟ್ಟಿದರಂತೆ.
ಕಟ್ಟಿದ್ದು ಬಿಚ್ಚಿದ್ದನ್ನು ಅವಳು ಹೇಳಲಿಲ್ಲ,
ನಾನು ಕೇಳಲಿಲ್ಲ. ಮೊರದಲ್ಲಿ ಒಂದು ಹುಳು
ಕಾಳಿಂದ ಕಾಳಿಗೆ ಹತ್ತಿ ಇಳಿಯುತ್ತಿತ್ತು.

ಎಲಡಿಕೆ ಚೀಲದ ದಾರ ಸಡಿಲಿಸಿ
ನಾಲ್ಕು ಮಡಿಕೆಯ ಇನ್ನೂರರ ನೋಟು:
"ನನ್ನ ಹೆಸರು ಬ್ಯಾಡ.
ತಿಮ್ಮರಾಯ ಅಂತ ಬರಿ."

ಈಗ ಖಾತೆಯಲ್ಲಿ ಏಳು ಲಕ್ಷದ ಹನ್ನೆರಡು ಸಾವಿರ.
ಸೂರಿಗೆ ಸಾಲದು. ಹಿಂದಿನ ಅಂಕಣಕ್ಕೆ ಟಾರ್ಪಾಲು.
ಸದ್ಯಕ್ಕೆ ಪಡಸಾಲೆ ಒಂದು ಎತ್ತೋಣ ಎಂದಿದ್ದಾನೆ ಮೇಸ್ತ್ರಿ,
ಗುಂಡಿಯಲ್ಲಿ ಸುಣ್ಣ ನೆನೆಯುತ್ತಿದೆ,
ಬೆಲ್ಲದ ನೀರು, ಅಳಲೆಕಾಯಿ,
ಇಪ್ಪತ್ತು ದಿನ ಯಾರೂ ಮುಟ್ಟಬಾರದು.
ಐದು ಸಾವಿರಕ್ಕೆ ಮೇಲ್ಪಟ್ಟವರ ಹೆಸರು ಮಾತ್ರ ಕಲ್ಲಿಗೆ,
ಸಭೆಯಲ್ಲಿ ತೀರ್ಮಾನವಾಗಿದೆ, ನಾನೂ ಸಹಿ ಹಾಕಿದ್ದೇನೆ.

ಅವತ್ತು ಬಯ್ಯಮ್ಮನ ಜಗಲಿಯಲ್ಲಿ
ರಶೀದಿಯಲ್ಲಿ ವಯಸ್ಸಿಗೆ ಜಾಗವಿರಲಿಲ್ಲ.
ತಿಮ್ಮರಾಯ ಎಂದು ಬರೆದು
ಅಂಚಿನಲ್ಲಿ ಸಣ್ಣಗೆ, ಆರು ವರ್ಷ, ಎಂದೆ.
ಕಾರ್ಬನ್ ಹಳೆಯದು, ನೂರು ಸಲ ತಿರುವಿ ಹಾಕಿದ್ದು.
ಕೆಳಗಿನ ಪ್ರತಿಗೂ ಇಳಿಯಲಿ ಎಂದು
ಪೆನ್ನು ಒತ್ತಿ ಹಿಡಿದೆ.